ಬೇವಿನ ಸಾರದಲ್ಲಿ ಕುದಿಸಿದ ಮಾತ್ರಕ್ಕೆ ಝಿಂಕ್ ಆಕ್ಸೈಡ್ ಸಾಧುವಾಗಲ್ಲ

ನ್ಯಾನೋಕಣಗಳ ಪ್ರಾಜೆಕ್ಟ್ ವರದಿಗಳಲ್ಲಿ ‘ಗ್ರೀನ್ ಸಿಂಥೆಸಿಸ್’ ಅನ್ನೋ ಎರಡು ಪದಕ್ಕೆ ವಿಪರೀತ ದುಡಿಮೆ. ಬೇವೋ ನುಗ್ಗೆಯೋ, ಯಾವುದಾದರೊಂದು ಸೊಪ್ಪಿನ ಸಾರಕ್ಕೆ ಝಿಂಕ್ ನೈಟ್ರೇಟ್ ಬೆರೆಸಿ, ಕಾಯಿಸಿ, ಬಂದ ಪೇಸ್ಟನ್ನು 400 ಡಿಗ್ರಿ ಫರ್ನೇಸಿನಲ್ಲಿ ಎರಡು ಗಂಟೆ ಇಟ್ಟರೆ ಝಿಂಕ್ ಆಕ್ಸೈಡಿನ ಬಿಳಿ ಪುಡಿ ರೆಡಿ. ವರದಿಯ ಕೊನೆಗೆ ‘ಪರಿಸರಸ್ನೇಹಿ, ವಿಷರಹಿತ’ ಅಂತ ಒಂದು ಸಾಲು. ಅಷ್ಟು ಬಿಸಿಯಲ್ಲಿ ಸಾರದಲ್ಲಿನ ಪಾಲಿಫಿನಾಲುಗಳೆಂಬ ಸಸ್ಯ ರಾಸಾಯನಿಕಗಳು ಬಹುಪಾಲು ಸುಟ್ಟು ಹೋಗಿರುತ್ತವೆ. ಬೇವು ಉಳಿಯೋದು ಶೀರ್ಷಿಕೆಯಲ್ಲಿ ಮಾತ್ರ.

ಝಿಂಕ್ ಆಕ್ಸೈಡ್ ನೀರಿನಲ್ಲಿ ಸುಮ್ಮನೆ ಕೂರುವ ವಸ್ತುವಲ್ಲ, ಮೆಲ್ಲಗೆ ಕರಗಿ ಸತುವಿನ (ಅಂದರೆ ಝಿಂಕಿನ) ಅಯಾನು, ವಿದ್ಯುದಂಶ ಹೊತ್ತ ಪರಮಾಣು, ಬಿಡುತ್ತದೆ. 2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನ್ಯಾನೋ ಪುಡಿ, ದಪ್ಪ ಪುಡಿ, ಝಿಂಕ್ ಕ್ಲೋರೈಡ್ ಮೂರನ್ನೂ ಒಂದು ಸಿಹಿನೀರಿನ ಪಾಚಿಗೆ ಹಾಕಿ 72 ಗಂಟೆ ನೋಡಿದರು. ಲೀಟರಿಗೆ ಸುಮಾರು 60 ಮೈಕ್ರೊಗ್ರಾಂ ಸತುವಿಗೇ ಪಾಚಿಯ ಬೆಳವಣಿಗೆ ಅರ್ಧಕ್ಕಿಳಿಯಿತು, ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಅಂಕಿ. ಅಲ್ಲಿ ಏಟು ಕೊಟ್ಟದ್ದು ಕರಗಿದ ಸತು, ಕಣದ ಗಾತ್ರ ಅಲ್ಲ.

ಇದನ್ನೇ ಲೆಕ್ಕ ಹಾಕಿ. ಈ ಪುಡಿಯನ್ನು ಬೆಳೆಗೆ ಹೊಡೆಯಲು 15 ಲೀಟರಿನ ಬೆನ್ನಿನ ಸ್ಪ್ರೇಯರ್, ಲೀಟರಿಗೆ 500 ಮಿಲಿಗ್ರಾಂ ಪುಡಿ: ಒಟ್ಟು ಏಳೂವರೆ ಗ್ರಾಂ, ಅದರಲ್ಲಿ ಸತು 6 ಗ್ರಾಂ. ಒಂದು ಲಕ್ಷ ಲೀಟರ್ ಹಿಡಿಯುವ ಕೃಷಿಹೊಂಡಕ್ಕೆ ಆ ಟ್ಯಾಂಕ್ ಪೂರ್ತಿ ಸುರಿದು, ಎಲ್ಲವೂ ಕರಗಿದರೆ, ಸರಿಯಾಗಿ ಲೀಟರಿಗೆ 60 ಮೈಕ್ರೊಗ್ರಾಂ. ಹೊಂಡದ ಕೆಸರು ಒಂದಷ್ಟನ್ನು ಹಿಡಿದಿಡುತ್ತದೆ, ಗಡಸು ನೀರಿನ ಕ್ಯಾಲ್ಸಿಯಂ ಸತುವಿನ ಏಟನ್ನು ತಗ್ಗಿಸುತ್ತದೆ, ನಿಜ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: ರೈತರು ಮೊದಲಿಂದ ಹೊಡೆಯುತ್ತಿರುವ ಅರ್ಧ ಪರ್ಸೆಂಟ್ ಝಿಂಕ್ ಸಲ್ಫೇಟಿನಲ್ಲಿ ಅದೇ ಟ್ಯಾಂಕಿಗೆ ಸುಮಾರು 16 ಗ್ರಾಂ ಸತು ಇರುತ್ತದೆ. ನ್ಯಾನೋ ಎಂದ ತಕ್ಷಣ ಬೆಚ್ಚಿಬೀಳುವುದೂ ನನಗೆ ಒಪ್ಪಿಗೆಯಿಲ್ಲ.

ಸಿಟ್ಟು ಬರೋದು ಪರೀಕ್ಷೆ ಮಾಡುವ ರೀತಿಗೆ. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಜೆಲ್ಲಿಯ ಪ್ಲೇಟಿನಲ್ಲಿ ಪುಟ್ಟ ಬಾವಿ ಕೊರೆದು ಪುಡಿ ತುಂಬಿ, ಸುತ್ತ ಬ್ಯಾಕ್ಟೀರಿಯಾ ಸತ್ತ ಉಂಗುರ ಅಳೆದು ‘ನ್ಯಾನೋಕಣದ ಶಕ್ತಿ’ ಅಂತಾರೆ. ಕಣದ ಮುದ್ದೆ ಅಗರಿನೊಳಗೆ ಅಷ್ಟು ದೂರ ನಡೆಯಲಾರದು, ಆ ಉಂಗುರ ಬಹುಮಟ್ಟಿಗೆ ಅಯಾನಿನದು. ತೊಳೆದು ಮುಗಿಸದ ಝಿಂಕ್ ನೈಟ್ರೇಟ್ ಉಳಿದಿದ್ದರಂತೂ ಉಂಗುರ ಇನ್ನೂ ಚೆಂದ. ಅಯಾನು ಬೇರ್ಪಡಿಸುತ್ತೇವೆಂದು 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಹಿಡಿಯುವವರಿದ್ದಾರೆ. ಅದು 220 ನ್ಯಾನೋಮೀಟರ್. 30 ನ್ಯಾನೋಮೀಟರಿನ ಕಣ ಹೆಬ್ಬಾಗಿಲಲ್ಲಿ ದಾಟಿದ ಹಾಗೆ ದಾಟುತ್ತದೆ. ಬೇಕಾದದ್ದು ಅತಿ ವೇಗದಲ್ಲಿ ತಿರುಗಿಸಿ ಕಣವನ್ನು ತಳಕ್ಕಿಳಿಸುವ ಅಲ್ಟ್ರಾಸೆಂಟ್ರಿಫ್ಯೂಜ್ ಅಥವಾ ಕಣ ತಡೆದು ಅಯಾನು ಮಾತ್ರ ಬಿಡುವಷ್ಟು ಸಣ್ಣ ರಂಧ್ರದ 3–10 ಕಿಲೋಡಾಲ್ಟನ್ ಮೆಂಬ್ರೇನ್. ಪಕ್ಕದಲ್ಲಿ ಅಷ್ಟೇ ಸತು ಇರುವ ಝಿಂಕ್ ಕ್ಲೋರೈಡ್, ದಪ್ಪ ಪುಡಿ, ಬರೀ ಸೊಪ್ಪಿನ ಸಾರ ಇಡದಿದ್ದರೆ ಬಂದ ಅಂಕಿ ಯಾರದ್ದೆಂದು ಹೇಳಲಾಗದು. ಗಾತ್ರದ್ದೂ ಅದೇ ಕಥೆ: ಎಕ್ಸ್‌ರೇ ಗ್ರಾಫಿನಿಂದ ತೆಗೆದ 25 ನ್ಯಾನೋಮೀಟರ್ ಅನ್ನೋದು ಒಂದೊಂದು ಹರಳಿನ ಅಳತೆ, ನೀರಿನಲ್ಲಿನ ಮುದ್ದೆಯದಲ್ಲ. ಬೋರ್‌ವೆಲ್ ನೀರಿಗೆ ಬಿದ್ದೊಡನೆ ಕಣಗಳು ಅಂಟಿಕೊಂಡು ಮೈಕ್ರಾನ್ ಮುದ್ದೆಗಳಾಗಿ ತಳ ಸೇರಬಹುದು. ನೀರಿನೊಳಗಿನ ಗಾತ್ರವನ್ನು ಪರೀಕ್ಷೆಯ ಮೊದಲೂ ಕೊನೆಗೂ ಅಳೆಯಬೇಕು.

ಇದೇ ಥರ ನ್ಯಾನೋ ಪುಡಿಯಾಗಿ ಬರುವ ಟೈಟಾನಿಯಂ ಡೈಆಕ್ಸೈಡಿನ ಜಾತಿಯೇ ಬೇರೆ. ಅದು ಕರಗುವುದಿಲ್ಲ, ಕೆಣಕುವುದು ಬೆಳಕು. ಅದರ ಅನಟೇಸ್ ಎಂಬ ಹರಳು ರೂಪಕ್ಕೆ 387 ನ್ಯಾನೋಮೀಟರಿಗಿಂತ ಕಿರಿದಾದ ಅಲೆಯುದ್ದದ ನೇರಳಾತೀತ ಬೆಳಕು ಬಿದ್ದರೆ ಜೀವಕೋಶವನ್ನು ಹಾಳುಮಾಡುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತವೆ. ಟ್ಯೂಬ್‌ಲೈಟಿನಡಿ 48 ಗಂಟೆ ಡ್ಯಾಫ್ನಿಯಾ (ವಿಷ ಪರೀಕ್ಷೆಗೆ ಬಳಸುವ ಪುಟ್ಟ ನೀರುಜೀವಿ) ಈಜಾಡಿತು ಎಂದರೆ, ಬಿಸಿಲಿನ ಕೆರೆಯಲ್ಲೂ ಈಜುತ್ತದೆ ಎಂದಲ್ಲ. ತಾಮ್ರದ ಆಕ್ಸೈಡು ಇನ್ನೂ ಕಳ್ಳ: ಹೊರಗೆ ಅಷ್ಟಾಗಿ ಕರಗದೆ, ಜೀವಕೋಶ ನುಂಗಿದ ಮೇಲೆ ಕೋಶದೊಳಗಿನ ಜೀರ್ಣಚೀಲವಾದ ಲೈಸೋಸೋಮಿನ ಹುಳಿಯಲ್ಲಿ, ಪಿಎಚ್ 4.5ರ ಆಸುಪಾಸಿನಲ್ಲಿ, ಕರಗುತ್ತದೆ.

ಬಚ್ಚಲಿನಿಂದ ಹೋದ ಸನ್‌ಸ್ಕ್ರೀನಿನ ಝಿಂಕ್ ಆಕ್ಸೈಡ್ ಒಳಚರಂಡಿ ಘಟಕದ ಗಾಳಿಯಿಲ್ಲದ ಕೆಸರಿನಲ್ಲಿ ಬಹುಪಾಲು ಝಿಂಕ್ ಸಲ್ಫೈಡಾಗುತ್ತದೆ, ಅಲ್ಲಿಗೆ ನ್ಯಾನೋ ಆಕ್ಸೈಡಿನ ಕಥೆ ಮುಗಿಯಿತು. ಅದೇ ಕೆಸರು ಒಣಗಿ, ತಿಂಗಳುಗಟ್ಟಲೆ ಗಾಳಿಗೆ ಬಿದ್ದರೆ ಸಲ್ಫೈಡು ಒಡೆದು ಸತು ಮತ್ತೆ ಬೇರೆ ರೂಪಕ್ಕೆ ಹೊರಳುತ್ತದೆ. ಗೊಬ್ಬರವೆಂದು ಹೊಲಕ್ಕೆ ಬರುವ ಕೆಸರಿನಲ್ಲಿ ಕೇಳಬೇಕಾದ್ದು ಕಣ ಎಷ್ಟು ಚಿಕ್ಕದು ಅಂತಲ್ಲ. ಒಟ್ಟು ಸತು ಎಷ್ಟು, ಬೀಳುವ ಮಣ್ಣಿನ ಪಿಎಚ್ ಎಷ್ಟು ಅಂತ.