ಗೌಪ್ಯ ಮಾಹಿತಿ, ಜೆರಾಕ್ಸ್ ಎರಡು ಪ್ರತಿ

ನಮ್ಮ ಹೊಲ ಜಗಳೂರು ತಾಲ್ಲೂಕಿನಲ್ಲಿದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ತಾಲ್ಲೂಕು ಅತ್ತ ಹೋಯಿತು, ತಾತನಿಗೆ ಜಮೀನು ಮಂಜೂರಾದ ಕಡತ ಚಿತ್ರದುರ್ಗದಲ್ಲೇ ಉಳಿಯಿತು. ಹೊಲ ಒಂದು ಜಿಲ್ಲೆಯಲ್ಲಿ, ಅದರ ಜಾತಕ ಇನ್ನೊಂದು ಜಿಲ್ಲೆಯಲ್ಲಿ. ಎಲ್ಲವೂ ಆನ್‌ಲೈನ್ ಆಗಿರುವ ಈ ಕಾಲದಲ್ಲಿ ಎರಡು ಕಚೇರಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೆಲಸ ಮುಗಿಸುತ್ತವೆ ಎಂದು ನಂಬಿ ದುರ್ಗದ ಬಸ್ಸು ಹತ್ತಿದೆ.

‘ಯಜಮಾನ್ರೇ, ಆ ಕಚೇರಿಗೆ ನಾವು ನೇರ ಕಳಿಸೋಕೆ ಬರಲ್ಲ. ಮಾಹಿತಿ ಸುರಕ್ಷತೆ ಪ್ರಶ್ನೆ. ನೀವೇ ಜೆರಾಕ್ಸ್ ಮಾಡಿಸಿ ಕೈಯಲ್ಲಿ ಒಯ್ದು ಕೊಡಿ’ ಎಂದರು ವಿಷಯ ನಿರ್ವಾಹಕರು. ವಿದ್ಯುನ್ಮಾನ ದಾಖಲೆಯನ್ನು ಕಾಗದದ ದಾಖಲೆಯಂತೆಯೇ ಮಾನ್ಯ ಮಾಡುವ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲೇ ಬಂತಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಕಡತ ಅವರ ಕೈಯಲ್ಲಿತ್ತು. ಹೀಗೆ ಎರಡು ಜಿಲ್ಲೆಗಳ ನಡುವಿನ ಸುರಕ್ಷಿತ ಮಾಹಿತಿ ವಾಹಿನಿಯಾಗಿ ನನ್ನ ನೇಮಕವಾಯಿತು. ಸುಮಾರು ಅರವತ್ತು ಕಿಲೋಮೀಟರಿನ ಆ ವಾಹಿನಿಯಲ್ಲಿ ಪಕ್ಕದ ಸೀಟಿನವರೊಬ್ಬರು ಮಂಡಕ್ಕಿಯ ಪೊಟ್ಟಣವನ್ನು ನನ್ನ ತಾತನ ಮಂಜೂರಾತಿ ಆದೇಶದ ಮೇಲೆಯೇ ಬಿಚ್ಚಿಟ್ಟುಕೊಂಡಿದ್ದರು. ಮೂರನೆಯ ಪುಟಕ್ಕೆ ಹತ್ತಿದ ಮೆಣಸಿನಕಾಯಿ ಬಜ್ಜಿಯ ಎಣ್ಣೆಯ ಗುರುತನ್ನು ದಾವಣಗೆರೆಯ ಕಚೇರಿಯವರು ಮೊಹರಿನಷ್ಟೇ ಶ್ರದ್ಧೆಯಿಂದ ಪರಿಶೀಲಿಸಿ, ಇದು ದೃಢೀಕೃತ ನಕಲಲ್ಲ ಎಂದು ವಾಪಸು ಕೊಟ್ಟರು.

ಎರಡನೆಯ ಸಲ ದುರ್ಗಕ್ಕೆ ಹೋದಾಗ ಊಟದ ಹೊತ್ತು. ಆಪರೇಟರ್ ಇರಲಿಲ್ಲ, ಕಂಪ್ಯೂಟರ್ ತೆರೆದೇ ಇತ್ತು. ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಲಾಗಿನ್ ಹೆಸರು, ಪಾಸ್‌ವರ್ಡ್ ಎರಡೂ ದುಂಡಗಿನ ಅಕ್ಷರದಲ್ಲಿದ್ದವು. ಸಾಹೇಬರ ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಡಾಂಗಲ್ ಕಳೆಯದಿರಲೆಂದು ಅದನ್ನು ಸಿಪಿಯುಗೇ ದಾರದಿಂದ ಕಟ್ಟಿದ್ದರು. ಇದೇ ಊರಿನ ಕೋಟೆಯಲ್ಲಿ ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ ಏನಾಯಿತೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಏಳು ಸುತ್ತು ಕಟ್ಟಿದ ಪಾಳೆಯಗಾರರಿಗೂ ಒಂದು ಕಿಂಡಿ ಉಳಿದುಬಿಟ್ಟಿತ್ತು, ನಿಜ. ಆದರೆ ಕಿಂಡಿಯ ಮೇಲೆ ಅವರು ಚೀಟಿ ಅಂಟಿಸಿರಲಿಲ್ಲ.

ಯಾರಿಗೆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕಾಣಿಸಬೇಕು, ಯಾರು ಯಾವಾಗ ಏನನ್ನು ನೋಡಿದರೆಂಬುದು ದಾಖಲಾಗಬೇಕು ಎಂಬುದು ಮಾಹಿತಿ ಸುರಕ್ಷತೆಯ ಮೊದಲ ಪಾಠ. ದಾಖಲಾಗುತ್ತಿದೆ ಕೂಡ. ಒಂದೇ ಲಾಗಿನ್ ಅನ್ನು ನಾಲ್ಕು ಮೇಜಿನವರು ಬಳಸುವುದರಿಂದ, ಹಿರಿಯೂರಿನಲ್ಲಿ ತಂಗಿಯ ಮದುವೆಗೆ ಬಡಿಸುತ್ತಿದ್ದ ದಿನವೂ ಆ ಆಪರೇಟರ್ ಕಚೇರಿಯಲ್ಲಿ ಕಡತ ತೆರೆಯುತ್ತಲೇ ಇದ್ದರೆಂದು ಯಂತ್ರ ಸಾಕ್ಷಿ ನುಡಿಯುತ್ತದೆ. ಇಂಥ ನೌಕರರಿಗೆ ಪ್ರಶಸ್ತಿ ಕೊಡಬೇಕು. ವೈಯಕ್ತಿಕ ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಎಂದು 2023ರ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯ ಪ್ರತಿಯನ್ನೂ ಯಾರಾದರೂ ಕೈಯಲ್ಲಿ ಒಯ್ದು ಕೊಡಬೇಕೇನೋ.

ಕೊನೆಗೆ ಕೆಲಸವಾದದ್ದು ಕಚೇರಿಯೆದುರಿನ ಜೆರಾಕ್ಸ್ ಅಂಗಡಿಯಲ್ಲಿ. ಹುಡುಗ ನನ್ನ ಹೆಸರು, ಊರು ಕೇಳಿದ, ಅಷ್ಟೇ. ಓಟಿಪಿ ಇಲ್ಲ, ತಂಬ್ ಇಲ್ಲ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ತೀರಿಹೋದ ನನ್ನ ತಂದೆಯ ಪಡಿತರ ಚೀಟಿ, ಎಲ್ಲವೂ ಒಂದೇ ಫೋಲ್ಡರಿನಲ್ಲಿದ್ದವು. ಎರಡು ಜಿಲ್ಲೆಗಳ ಇಲಾಖೆಗಳು ಕೂಡಿಸಲಾಗದ ನಮ್ಮ ವಂಶವನ್ನು ಅವನು ಪುಟಕ್ಕೆ ಎರಡು ರೂಪಾಯಿಯಂತೆ ಕೂಡಿಸಿಟ್ಟಿದ್ದ. ಇನ್ನೂ ಏನೇನಿದೆಯೆಂದು ನಾನು ಪರದೆಯತ್ತ ಬಗ್ಗಿದಾಗ ಅವನು ಅದನ್ನು ಆಚೆ ತಿರುಗಿಸಿಕೊಂಡ.

‘ಬೇರೆಯವರದ್ದೂ ಐತೆ ಯಜಮಾನ್ರೇ, ನೋಡಬಾರ್ದು.’