ಹಂಸಲೇಖ ಕೇಳೋಕೆ ಎಲ್ಲಿಂದ ಶುರು ಮಾಡೋದು?

ನರಸಾಪುರದ ಫ್ಯಾಕ್ಟರಿಗೆ ಹೋಗುವ ನಮ್ಮ ಅಕ್ಕನ ಮಗ ಮೊನ್ನೆ ಕೇಳಿದ. "ಮಾವ, ಹಂಸಲೇಖ ಅಂತ ಹುಡುಕಿದ್ರೆ ಸಿನಿಮಾಗಳು ಸಾಲುಸಾಲಾಗಿ ಬರ್ತವೆ. ಯಾವುದು ಮೊದಲು ಕೇಳ್ಲಿ?" ಕೋಲಾರದ ಹುಡುಗರಿಗೆ ತೆಲುಗು ಹಾಡೆಲ್ಲ ಬಾಯಿಪಾಠ. ಕನ್ನಡದ ಹಳೇ ಹಾಡು ಕೇಳ್ತೀನಿ ಅಂದಿದ್ದೇ ನನಗೆ ಖುಷಿ.

ಯಾರನ್ನ ಕೇಳಿದರೂ "ಪ್ರೇಮಲೋಕ" ಅಂತಾರೆ. ನಾನು ಅನ್ನಲ್ಲ. 1987ರಲ್ಲಿ ಅದು ಬಂದಾಗ ಮಾತುಕತೆಯೇ ಹಾಡಾಗಿತ್ತು. ರೇಗಿಸೋದು, ಜಗಳ, ಒಲವು ಎಲ್ಲಾ ಟ್ಯೂನಿನಲ್ಲೇ. ಆದರೆ ಇವತ್ತಿನ ಹುಡುಗನಿಗೆ ಆ ಕಾಲದ ಕೀಬೋರ್ಡ್, ಡ್ರಮ್ಸ್ ಸದ್ದೇ ಮೊದಲು ಕಿವಿಗೆ ಬೀಳುತ್ತೆ. ಮಾತಿನ ಚುರುಕು ಗೊತ್ತಾಗೋ ಹೊತ್ತಿಗೆ ಅವನು ಹಾಡು ಬದಲಾಯಿಸಿರ್ತಾನೆ.

1993ರ "ಆಕಸ್ಮಿಕ" ಮೊದಲು ಕೇಳಿ. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರದೇ. ದನಿ ಅಣ್ಣಾವ್ರದು. "ಹುಟ್ಟಿದರೇ ಕನ್ನಡ ನಾಡಲ್ಲಿ" ಗೊತ್ತಿಲ್ಲದವರು ಯಾರು ಹೇಳಿ? ನವೆಂಬರ್ ಬಂದರೆ ಸಾಕು, ಆಟೋ ಸ್ಟ್ಯಾಂಡಿನ ಸ್ಪೀಕರ್ ತುಂಬಾ ಅದೇ. ಕೇಳಿ ಕೇಳಿ ಅದರ ಮಾತಿನ ಕಡೆ ನಮಗೆ ಗಮನವೇ ಇಲ್ಲ. ಒಂದ್ಸಲ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಪಲ್ಲವಿಯಲ್ಲೇ ಬದುಕು ಜಟಕಾ ಬಂಡಿ ಆಗುತ್ತೆ, ಅದನ್ನು ಓಡಿಸೋದು ವಿಧಿ. ಇದು ಡಿವಿಜಿ ಅವರ ಕಗ್ಗದಿಂದ ಬಂದಿದ್ದು. ಡಿವಿಜಿ ನಮ್ಮ ಮುಳಬಾಗಿಲಿನವರು ಅಲ್ವಾ! ಕಗ್ಗದಲ್ಲಿ ವಿಧಿ ಸಾಹೇಬ, ನೀನು ಕುದುರೆ. ಅವನು ಹೇಳಿದ ಕಡೆ, ಮದುವೆಗೋ ಮಸಣಕ್ಕೋ ಓಡಬೇಕು. ಹಂಸಲೇಖ ಅದೇ ಬಂಡಿಯನ್ನು ಕುಣಿಯುವ ತಾಳಕ್ಕೆ ಕಟ್ಟಿದರು. ಕಗ್ಗ ಓದದವರೂ ಕಗ್ಗ ಹಾಡುವ ಹಾಗಾಯ್ತು.

ಅದೇ ಸಿನಿಮಾದ "ಆಗುಂಬೆಯಾ ಪ್ರೇಮ ಸಂಜೆಯಾ" ಕೇಳುವಾಗ ಕೊನೆಯ ಆ "ಯಾ" ಎಷ್ಟು ಹಾಯಾಗಿ ಎಳೆದುಕೊಳ್ಳುತ್ತೆ ನೋಡಿ. ಪದ ಬರೆದವರೇ ರಾಗ ಹಾಕಿದರೆ ಆಗುವ ಲಾಭ ಇದು.

ಆಮೇಲೆ 1991ರ "ರಾಮಾಚಾರಿ". "ಆಕಾಶದಾಗೆ" ಅಂತ ಹಳ್ಳಿ ಬಾಯಲ್ಲೇ ಶುರುವಾಗುವ ಹಾಡು ಒಂದು ಕಡೆ, ಯೇಸುದಾಸ್ ಹಾಡಿದ "ನಮ್ಮೂರ ಯುವರಾಣಿ" ಇನ್ನೊಂದು ಕಡೆ. ಇವು ಕಿವಿಗೆ ಹತ್ತಿದ ಮೇಲೆ ಪ್ರೇಮಲೋಕಕ್ಕೆ ಹೋಗಿ. ಆಗ ಅದರ ತುಂಟತನ ಜಾಸ್ತಿ ಹಿಡಿಸುತ್ತೆ.

"ಗಾನಯೋಗಿ ಪಂಚಾಕ್ಷರ ಗವಾಯಿ" ಆತುರದಲ್ಲಿ ಕೇಳುವಂಥದ್ದಲ್ಲ, ರಜಾ ದಿನಕ್ಕೆ ಇಟ್ಕೊಳ್ಳಿ. ಅದಕ್ಕೆ ಹಂಸಲೇಖ ಅವರಿಗೂ ರಾಷ್ಟ್ರ ಪ್ರಶಸ್ತಿ ಬಂತು, ಎಸ್ಪಿಬಿ ಅವರಿಗೂ ಬಂತು. 2005ರ "ನೆನಪಿರಲಿ" ಯಾವಾಗ ಬೇಕಾದರೂ ಕೇಳಬಹುದು.

ಅವರು ಬರೆದಿದ್ದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಪ್ರಾಸಕ್ಕೋಸ್ಕರ ಪ್ರಾಸ ಹಾಕಿದ ಹಾಡೂ ಇವೆ, ಡಬಲ್ ಮೀನಿಂಗ್ ಹಾಡೂ ಇವೆ. ಅವನ್ನ ಹುಡುಗ ತಾನೇ ಹುಡುಕಿಕೊಳ್ತಾನೆ ಬಿಡಿ, ಅದಕ್ಕೆ ಮಾವ ಬೇಕಾಗಿಲ್ಲ.