ಹುತಾತ್ಮರ ಫೋಟೊ ಕೆಳಗೆ ನಿಮ್ಮ ಫೋನ್ ನಂಬರ್ ಯಾಕೆ?

ಜುಲೈ 26 ಬಂತೆಂದರೆ ಬೆಳಿಗ್ಗೆ ಫೋನ್ ತೆರೆಯಲು ನನಗೆ ಬೇಸರ. ಕಾರ್ಗಿಲ್‌ನಲ್ಲಿ ಜೀವ ಕೊಟ್ಟವರನ್ನು ನೆನೆಯುವ ದಿನ ಅದು. ವಾಟ್ಸಾಪ್ ತುಂಬ ಬರುವುದು ಮಾತ್ರ ಒಂದೇ ಥರದ ಪೋಸ್ಟರ್. ಮೇಲೆ ಬಂದೂಕು ಹಿಡಿದ ಸೈನಿಕ, ನಡುವೆ "ವೀರ ಯೋಧರಿಗೆ ನಮನ", ಕೆಳಗೆ ಒಂದು ಲೇಔಟ್ ಹೆಸರು, ಲೋಗೋ, "ಸೈಟುಗಳು ಲಭ್ಯ", ಎರಡು ಮೊಬೈಲ್ ನಂಬರ್. ಅದರ ಹಿಂದೆಯೇ ಹಲ್ಲಿನ ಆಸ್ಪತ್ರೆಯದ್ದು ಬರುತ್ತದೆ. ಆಮೇಲೆ ಟ್ಯೂಷನ್ ಸೆಂಟರ್, ಮಾಡ್ಯುಲರ್ ಕಿಚನ್, ಚಿನ್ನದ ಸಾಲ. ಸೈನಿಕ ಅವನೇ, ನಮನವೂ ಅದೇ. ನಂಬರ್ ಮಾತ್ರ ಬೇರೆ.

ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಆ ದಿನದ ಹೆಸರಲ್ಲೇ ಆಫರ್, ಕೂಪನ್ ಕೋಡ್, "ಇಂದು ಮಾತ್ರ" ರಿಯಾಯಿತಿ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಸಿಟ್ಟೇಕೆ ಅನ್ನುವವರಿಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಈ ಪೋಸ್ಟರ್‌ಗಳು ಹೇಗೆ ಹುಟ್ಟುತ್ತವೆ ಅಂತ ಸೋಷಿಯಲ್ ಮೀಡಿಯಾ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತು. ತಿಂಗಳ ಮೊದಲೇ ಒಂದು ಕಂಟೆಂಟ್ ಕ್ಯಾಲೆಂಡರ್ ತಯಾರಾಗಿರುತ್ತದೆ. ಜುಲೈ 1 ವೈದ್ಯರ ದಿನ. 26 ಕಾರ್ಗಿಲ್. 29 ಹುಲಿ ದಿನ. ಆಗಸ್ಟ್ ಮೊದಲ ಭಾನುವಾರ ಫ್ರೆಂಡ್‌ಶಿಪ್ ಡೇ. ಎಲ್ಲಕ್ಕೂ ಒಂದೊಂದು ಪೋಸ್ಟರ್ ಹೋಗಲೇಬೇಕು, ಇಲ್ಲದಿದ್ದರೆ ರೀಚ್, ಅಂದರೆ ನೋಡುವವರ ಸಂಖ್ಯೆ, ಬಿದ್ದುಹೋಗುತ್ತದೆ ಅನ್ನುವ ಭಯ. ಡಿಸೈನರ್ ಇಲ್ಲದವರಿಗೆ ಆ್ಯಪ್‌ಗಳಿವೆ. ನಿಮ್ಮ ಹೆಸರು, ಫೋಟೊ, ನಂಬರ್ ಒಮ್ಮೆ ಕೊಟ್ಟರೆ ಸಾಕು, ವರ್ಷವಿಡೀ ಎಲ್ಲ ಹಬ್ಬಕ್ಕೂ ಎಲ್ಲ ಸಾವಿಗೂ ನಿಮ್ಮ ಮುಖ ಅಂಟಿಸಿ ಪೋಸ್ಟರ್ ಕೊಡುತ್ತದೆ. ಜನವರಿ 30ಕ್ಕೆ "ಹುತಾತ್ಮರ ದಿನದ ಶುಭಾಶಯಗಳು" ಎಂದು ಬರುವುದು ಹೀಗೆಯೇ. ಕಳಿಸುವವರು ಒಂದು ಸಲವೂ ಓದಿರುವುದಿಲ್ಲ.

ಚಿತ್ರವನ್ನೂ ನೋಡಿರುವುದಿಲ್ಲ. ಕಾರ್ಗಿಲ್ ಪೋಸ್ಟರ್‌ಗಳಲ್ಲಿ ಒಂದು ಕಪ್ಪು ನೆರಳಿನ ಚಿತ್ರ ಪದೇ ಪದೇ ಬರುತ್ತದೆ, ಗಮನಿಸಿದ್ದೀರಾ? ಕೆಲವು ಸೈನಿಕರು ಬಾಗಿ, ಓರೆಯಾದ ಕಂಬವನ್ನು ನೆಲಕ್ಕೆ ಊರುತ್ತಿರುತ್ತಾರೆ, ತುದಿಯಲ್ಲಿ ತ್ರಿವರ್ಣ ಧ್ವಜ. ಅದು ಕಾರ್ಗಿಲ್ ಅಲ್ಲ. ಭಾರತವೂ ಅಲ್ಲ. 1945ರ ಫೆಬ್ರವರಿಯಲ್ಲಿ ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಜೋ ರೋಸೆಂಥಾಲ್ ತೆಗೆದ ಫೋಟೊದ ನೆರಳು. ಅಮೆರಿಕದ ಧ್ವಜ ತೆಗೆದು ನಮ್ಮದನ್ನು ಅಂಟಿಸಿದ್ದಾರೆ. ಆ ಚಿತ್ರದಲ್ಲಿದ್ದ ಆರು ಜನರಲ್ಲಿ ಮೂವರು ಅದೇ ಕಾಳಗದಲ್ಲಿ ಸತ್ತರು. ಅಂದರೆ ಬೇರೆ ದೇಶದ ಸತ್ತವರ ಚಿತ್ರದಿಂದ ನಮ್ಮ ದೇಶದ ಸತ್ತವರಿಗೆ ನಮನ ಸಲ್ಲಿಸಿ, ಕೆಳಗೆ ಸೈಟ್ ಮಾರುತ್ತಿದ್ದೇವೆ. ನೆನಪು ಅನ್ನುವುದು ಇಲ್ಲಿ ಎಲ್ಲಿದೆ, ಹೇಳಿ.

1999ರ ಆ ಯುದ್ಧದಲ್ಲಿ ಸತ್ತ ನಮ್ಮವರು 527 ಜನ. ಗಾಯಗೊಂಡವರು 1,300ಕ್ಕೂ ಜಾಸ್ತಿ. ಮೇಲಿನಿಂದ ಗುಂಡು ಬೀಳುತ್ತಿರುವಾಗ ಕೆಳಗಿನಿಂದ ಬಂಡೆ ಹತ್ತಿದವರು. ಕ್ಯಾಪ್ಟನ್ ವಿಕ್ರಮ್ ಬಾತ್ರಾ, ಕ್ಯಾಪ್ಟನ್ ಮನೋಜ್ ಕುಮಾರ್ ಪಾಂಡೆ, ಇಬ್ಬರಿಗೂ ಆಗ 24 ವರ್ಷ. ಈಗ ಆ ಪೋಸ್ಟರ್‌ಗಳನ್ನು ಡಿಸೈನ್ ಮಾಡುವ ಹುಡುಗರ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಇರಬಹುದು.

ಬಾತ್ರಾ ಅವರ ವಿಷಯದಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಪಾಯಿಂಟ್ 5140 ಅನ್ನುವ ಶಿಖರ ಗೆದ್ದಾಗ ಅವರು ಕಳಿಸಿದ ಸಂಕೇತ "ಯೇ ದಿಲ್ ಮಾಂಗೇ ಮೋರ್". ಅದು ಪೆಪ್ಸಿಯ ಜಾಹೀರಾತಿನ ಸಾಲು. ಟಿವಿಯಲ್ಲಿ ಬರುತ್ತಿದ್ದ ಆ ಮಾತನ್ನು ಒಬ್ಬ ಹುಡುಗ ಅಂಥ ಬೆಟ್ಟದ ಮೇಲೆ, ಸಾವಿನ ಎದುರು, ತನ್ನದಾಗಿ ಮಾಡಿಕೊಂಡ. ಮುಂದಿನ ತಿಂಗಳು ಜುಲೈ 7ಕ್ಕೆ ತೀರಿಕೊಂಡ. ಮಾರುಕಟ್ಟೆಯ ಮಾತನ್ನು ಹಾಗೆ ತೆಗೆದುಕೊಳ್ಳುವ ಹಕ್ಕು ಅವರಿಗಿತ್ತು. ಅವರ ಸಾವನ್ನು ಮಾರುಕಟ್ಟೆಗೆ ತರುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ ಅಂತ ನಾನು ನಂಬುತ್ತೇನೆ.

ನಮ್ಮ ಕಾನೂನಿಗೂ ಈ ಅಳುಕು ಒಂದು ಕಾಲದಲ್ಲಿ ಇತ್ತು. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆ ಗಾಂಧೀಜಿಯ ಹೆಸರು, ಚಿತ್ರಗಳನ್ನು ವ್ಯಾಪಾರಕ್ಕೆ ಬಳಸಬಾರದು ಅನ್ನುತ್ತದೆ. ಗೋಡೆ ಕ್ಯಾಲೆಂಡರ್‌ನ ಬಗ್ಗೆಯೂ ಅದರಲ್ಲಿ ಯೋಚನೆ ಮಾಡಿದ್ದಾರೆ. ಕ್ಯಾಲೆಂಡರ್‌ನಲ್ಲಿ ಗಾಂಧೀಜಿ ಚಿತ್ರ ಇರಬಹುದು, ಆದರೆ ಅದನ್ನು ತಯಾರಿಸಿದವರ ಮತ್ತು ಮುದ್ರಿಸಿದವರ ಹೆಸರು ಬಿಟ್ಟು ಬೇರೇನೂ ಇರಬಾರದು, ಸರಕಿನ ಜಾಹೀರಾತಿಗೆ ಬಳಸಬಾರದು. ಎಂಥ ಸೂಕ್ಷ್ಮ ನೋಡಿ! ಧ್ವಜ ಸಂಹಿತೆಯೂ ಅಷ್ಟೇ. ಧ್ವಜದ ಮೇಲೆ ಯಾವ ಅಕ್ಷರವನ್ನೂ ಬರೆಯುವಂತಿಲ್ಲ, ಯಾವ ಜಾಹೀರಾತಿಗೂ ಬಳಸುವಂತಿಲ್ಲ. ರಾಜಕೀಯ ಪಕ್ಷಗಳಿಗೂ ಚುನಾವಣಾ ಆಯೋಗ ಸೈನಿಕರ ಫೋಟೊ ಬಳಸಬೇಡಿ ಎಂದು 2013ರಲ್ಲಿ ಹೇಳಿತ್ತು, 2019ರ ಮಾರ್ಚ್‌ನಲ್ಲಿ ಮತ್ತೆ ನೆನಪಿಸಿತು. ಆದರೆ 1950ರ ಆ ಪಟ್ಟಿಯಲ್ಲಿ ಹುತಾತ್ಮ ಸೈನಿಕರು ಇಲ್ಲ. ವೋಟು ಕೇಳುವವರಿಗೆ ಇರುವ ಅಂಕೆ ಸೈಟು ಮಾರುವವರಿಗೆ ಇಲ್ಲ.

ಹೊಸ ಕಾನೂನು ಬರಲಿ ಅಂತ ನಾನು ಕೇಳುತ್ತಿಲ್ಲ. ಎಲ್ಲದಕ್ಕೂ ಪೊಲೀಸರನ್ನು ಕರೆಯುವುದು ನನಗೆ ಇಷ್ಟವಿಲ್ಲ. ಆದರೂ ಬೇರೆ ದೇಶಗಳು ಹಿಡಿದ ದಾರಿ ನೋಡಬೇಕು. ಆಸ್ಟ್ರೇಲಿಯಾ ತನ್ನ ಸೈನಿಕರನ್ನು ಏಪ್ರಿಲ್ 25ಕ್ಕೆ ನೆನೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇನಾ ದಳದ "ಆ್ಯನ್ಜಾಕ್" ಅನ್ನುವ ಹೆಸರನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸದಂತೆ ನೂರು ವರ್ಷಕ್ಕೂ ಹಿಂದೆಯೇ ಕಟ್ಟುಪಾಡು ಮಾಡಿಕೊಂಡಿದ್ದಾರೆ. 2015ರಲ್ಲಿ ಅಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿ ವೂಲ್‌ವರ್ತ್ಸ್ ಸೈನಿಕರ ಫೋಟೊಗಳ ಮೇಲೆ ತನ್ನ ಲೋಗೋ ಬರುವ ಪ್ರಚಾರ ಶುರು ಮಾಡಿತ್ತು. ಜನ ಎಷ್ಟು ಸಿಟ್ಟಾದರೆಂದರೆ ಬೇಗನೇ ಅದನ್ನು ವಾಪಸ್ ತೆಗೆಯಬೇಕಾಯಿತು. ಅಮೆರಿಕದ ಕಥೆ ಬೇರೆ. ಅಲ್ಲಿನ ಮೆಮೋರಿಯಲ್ ಡೇ 1971ರಿಂದ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಬಂತು, ಉದ್ದನೆಯ ವಾರಾಂತ್ಯದ ಭಾಗವಾಯಿತು. ಈಗ ಅದು ಹಾಸಿಗೆ, ಕಾರುಗಳ ಸೇಲ್‌ಗೂ ಹೆಸರುವಾಸಿ. ನಾವು ಈ ಎರಡನೇ ದಾರಿಯಲ್ಲಿ ಜೋರಾಗಿ ನಡೆಯುತ್ತಿದ್ದೇವೆ.

"ಅಭಿಮಾನದಿಂದ ಹಾಕ್ತಾರೆ, ಬಿಡ್ರಿ" ಎನ್ನುವವರಿದ್ದಾರೆ. ಸಣ್ಣ ಅಂಗಡಿಯವರಲ್ಲಿ ಎಷ್ಟೋ ಜನರಿಗೆ ಅಭಿಮಾನ ಇರುವುದು ನಿಜ, ಅದನ್ನು ನಾನು ಅನುಮಾನಿಸುವುದಿಲ್ಲ. ಹಾಗಿದ್ದರೆ ಲೋಗೋ ತೆಗೆದು ಅದೇ ಪೋಸ್ಟರ್ ಹಾಕಿ. ನಂಬರ್ ತೆಗೆಯಿರಿ. ಅಭಿಮಾನ ಅಷ್ಟೇ ಉಳಿಯುತ್ತದೆ ಅಲ್ವಾ? ತೆಗೆಯಲು ಮನಸ್ಸು ಬರದಿದ್ದರೆ ಪೋಸ್ಟರ್ ಯಾತಕ್ಕೆ ಅಂತ ನೀವೇ ಹೇಳಿ.

ನಮ್ಮ ದೊಡ್ಡಪ್ಪನ ಮಗ ಸೈನ್ಯದಿಂದ ಹವಾಲ್ದಾರ್ ಆಗಿ ಬಂದಾಗ ಅವರಿಗೆ ನಲವತ್ತು ಕೂಡ ತುಂಬಿರಲಿಲ್ಲ. ಮನೆಯಲ್ಲಿ ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಸೈನ್ಯದಲ್ಲಿ ವಾಹನಗಳ ವರ್ಕ್‌ಶಾಪ್ ನೋಡಿಕೊಂಡಿದ್ದ ಮನುಷ್ಯ. ಆದರೂ ಹೋದಲ್ಲೆಲ್ಲ ಸಿಕ್ಕಿದ ಉತ್ತರ ಒಂದೇ, ಸೆಕ್ಯುರಿಟಿ ಕೆಲಸ ಇದೆ, ಮಾಡ್ತೀರಾ? ಕೊನೆಗೆ ಒಂದು ಅಪಾರ್ಟ್‌ಮೆಂಟ್ ಗೇಟಲ್ಲಿ ಹನ್ನೆರಡು ಗಂಟೆಯ ಪಾಳಿ ಹಿಡಿದರು. ಅದನ್ನು ಕಟ್ಟಿದ ಬಿಲ್ಡರ್ ಪ್ರತಿ ವರ್ಷ ಕಾರ್ಗಿಲ್ ದಿನಕ್ಕೆ ಸೈನಿಕರಿಗೆ ಸೆಲ್ಯೂಟ್ ಹೊಡೆಯುವ ಪೋಸ್ಟರ್ ಹಾಕುತ್ತಾನೆ. ಒಂದು ದಿನ ಅಣ್ಣನಿಗೆ ಅದನ್ನು ತೋರಿಸಿದೆ. "ಇವರ ಆಫೀಸಲ್ಲಿ ಕೆಲಸ ಕೇಳಿದ್ದೆ ಕಣೋ, ಅನುಭವ ಸಾಲದು ಅಂದ್ರು" ಅಂತಷ್ಟೇ ಹೇಳಿ ಫೋನ್ ವಾಪಸ್ ಕೊಟ್ಟರು.

ಅಂಗಡಿಯಲ್ಲಿ ಮಾಜಿ ಸೈನಿಕರಿಗೆ ವರ್ಷಪೂರ್ತಿ ಸದ್ದಿಲ್ಲದೆ ಬಿಲ್ ಕಡಿಮೆ ಮಾಡುವವರು ಇದ್ದಾರೆ. ಅವರಿಗೆ ನನ್ನ ನಮಸ್ಕಾರ. ನಾನು ಮಾತಾಡುತ್ತಿರುವುದು ಅವರ ಬಗ್ಗೆ ಅಲ್ಲ.

ಇನ್ನೊಂದು ಮಾತು. ಸೈನಿಕರ ಹೆಸರಲ್ಲಿ ಹಣ ಬೇಕು ಅಂತ ಸರ್ಕಾರವೇ ಬಾಯಿಬಿಟ್ಟು ಕೇಳುವ ದಿನ ಒಂದಿದೆ. ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಇದೆ. ಶಾಲೆಯಲ್ಲಿ ಪುಟ್ಟ ಧ್ವಜ ಕೊಟ್ಟು ಚಿಲ್ಲರೆ ತೆಗೆದುಕೊಳ್ಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಹಣ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ, ಅಂಗವಿಕಲರಾದ ಸೈನಿಕರಿಗೆ, ಕಷ್ಟದಲ್ಲಿರುವ ಮಾಜಿ ಸೈನಿಕರ ಕುಟುಂಬಗಳಿಗೆ ಹೋಗುತ್ತದೆ. ಜುಲೈ 26ಕ್ಕೆ ನನ್ನ ಫೋನ್ ತುಂಬಿಸಿದ ಕಂಪನಿಗಳಲ್ಲಿ ಎಷ್ಟು ಡಿಸೆಂಬರ್ 7ಕ್ಕೆ ಕಾಣುತ್ತವೆ ಅಂತ ಹುಡುಕಿ ನೋಡಿದ್ದೇನೆ. ಒಂದೂ ಇಲ್ಲ. ಕೊಡುವ ದಿನ ಕಂಟೆಂಟ್ ಕ್ಯಾಲೆಂಡರ್‌ಗೆ ಸೇರುವುದೇ ಇಲ್ಲ.

ದೊಡ್ಡ ಕಂಪನಿಗಳಿಗೆ ಇದು ಕಷ್ಟದ ಮಾತೂ ಅಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡಬೇಕಾದ ಪಾಲು, ಎಲ್ಲೆಲ್ಲಿ ಖರ್ಚು ಮಾಡಬಹುದು ಅನ್ನುವ ಪಟ್ಟಿ ಇದೆ. ಮಾಜಿ ಸೈನಿಕರು, ಯುದ್ಧದಲ್ಲಿ ಮಡಿದವರ ಪತ್ನಿಯರು, ಅವರನ್ನು ಅವಲಂಬಿಸಿದವರು ಅದರಲ್ಲಿದ್ದಾರೆ. ಹೇಗೂ ಕೊಡಬೇಕಾದ ಹಣ. ಸಣ್ಣ ವ್ಯಾಪಾರಿಗಳು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೈಲಾದಷ್ಟು ಕೊಟ್ಟು ಬರಬಹುದು. ಇಲ್ಲವೇ ಗೇಟಲ್ಲಿ ನಿಂತ ಮಾಜಿ ಸೈನಿಕನನ್ನು ಒಳಗೆ ಕರೆದು, ನಿಮಗೆ ಬೇರೆ ಏನು ಕೆಲಸ ಗೊತ್ತು ಅಂತ ಕೇಳಬಹುದು.

ಈ ವರ್ಷ ಅಂಥ ಪೋಸ್ಟರ್ ಕಳಿಸಿದ ಪರಿಚಯದವರಿಗೆಲ್ಲ ನಾನು ಖಾಸಗಿಯಾಗಿ ಒಂದೇ ಸಾಲು ಬರೆದೆ: "ಸಾರ್, ಲೋಗೋ, ನಂಬರ್ ತೆಗೆದು ಹಾಕ್ತೀರಾ?" ಬೈಗುಳ ಇಲ್ಲ, ಸ್ಕ್ರೀನ್‌ಶಾಟ್ ಹಾಕಿ ಮಾನ ತೆಗೆಯುವುದೂ ಇಲ್ಲ. ಕೆಲವರು ಉತ್ತರಿಸಲಿಲ್ಲ. ಒಬ್ಬರು ಬ್ಲಾಕ್ ಮಾಡಿದರು. ಒಬ್ಬ ಟ್ಯೂಷನ್ ಮೇಷ್ಟ್ರು ಮಾತ್ರ ಐದೇ ನಿಮಿಷದಲ್ಲಿ ತೆಗೆದು, ಹುಡುಗರಿಗೆ ಡಿಸೆಂಬರ್‌ನಲ್ಲಿ ಧ್ವಜ ತರಿಸಿ ಕೊಡುವುದಕ್ಕೆ ಎಲ್ಲಿ ಕೇಳಬೇಕು ಅಂತ ವಿಚಾರಿಸಿದರು. ನಿಮ್ಮ ಪರಿಚಯದವರಿಗೆ ನೀವೂ ಆ ಸಾಲು ಕಳಿಸಿ.